ನಿಂತ ರೈಲಿನ ದೀಪ

ಹಳೆಯದನ್ನು ಹೊಸದು ಮಾಡಲು ನಮ್ಮ ಮನೆಗಳಲ್ಲಿ ಎರಡು ದಾರಿಗಳಿವೆ. ಒಂದು ಕಲಾಯಿ, ಇನ್ನೊಂದು ಕೌದಿ. ಕಲಾಯಿ ಹಾಕಿಸಿದ ಮೇಲೂ ಪಾತ್ರೆ ಅದೇ ಪಾತ್ರೆ. ಒಳಗಷ್ಟೇ ಹೊಳಪು ಬಂದು ಹುಳಿ ಪದಾರ್ಥ ಮಾಡಲು ಯೋಗ್ಯವಾಗುತ್ತದೆ. ಕೌದಿಯಲ್ಲಿ ಸೀರೆ ಸೀರೆಯಾಗಿ ಉಳಿಯುವುದಿಲ್ಲ, ಕತ್ತರಿಗೆ ಸಿಕ್ಕು ಬೇರೊಂದಾಗುತ್ತದೆ. ಎರಡೂ ಒಳ್ಳೆಯವೇ. ಆದರೆ ಕಲಾಯಿ ಹಾಕುತ್ತೇನೆಂದು ಹೇಳಿ ಕೌದಿ ಹೊಲಿದರೆ ಯಾರಾದರೂ ಕೇಳಲೇಬೇಕು. ಹಳೆಯ ಪುಟಾಣಿ ರೈಲುಗಳಿಗೆ ಡಿಜಿಟಲ್ ಯಂತ್ರ ಕೂಡಿಸಿ ದೀಪ ಹೊತ್ತಿಸುವ ಹವ್ಯಾಸವನ್ನು ಕಂಡಾಗ ನನ್ನಲ್ಲಿ ಎದ್ದದ್ದು ಇದೇ ಪ್ರಶ್ನೆ.

ರೈಲಿನ ವಿಷಯ ಹೆಣ್ಣುಮಕ್ಕಳಿಗೇಕೆ ಎನ್ನಬೇಡಿ. ನಮ್ಮ ನಾಗಾವಿ ಗದಗಿನ ಮಗ್ಗುಲ ಊರು. 1876–78ರ ಬರಗಾಲದ ನಂತರ, 1884ರಲ್ಲಿ, ಹೊಟಗಿಯಿಂದ ಗದಗಿನವರೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಬಿತ್ತು. ಒಂದು ಸಾವಿರ ಮಿಲಿಮೀಟರ್ ಅಗಲದ ಆ ಹಳಿ ಹೋಗಿ, ಈಗ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಇದೆ. ಬುತ್ತಿ ಕಟ್ಟಿಕೊಂಡು, ಕೂಸು ಎತ್ತಿಕೊಂಡು ಆ ಗಾಡಿಗಳಲ್ಲಿ ತವರಿಗೆ ಹೋಗಿಬಂದವರು ನಾವೇ. ದೊಡ್ಡ ರೈಲು ಹಳತಾದರೆ ಸಂಗ್ರಹಾಲಯ ಸೇರುತ್ತದೆ. 2020ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ಅಂಥದೊಂದು ತೆರೆಯಿತು. ಪುಟಾಣಿ ರೈಲು ಹಳತಾದರೆ ಸೇರುವುದು ಮನೆಯ ಕಪಾಟನ್ನು.

ಗದಗಿನ ನನ್ನ ಗೆಳತಿಯೊಬ್ಬರ ಕಪಾಟಿನಲ್ಲಿ ಅಂಥ ರೈಲೊಂದಿದೆ. ಅವರ ಯಜಮಾನರು ತರಬೇತಿಗೆಂದು ಜರ್ಮನಿಗೆ ಹೋದಾಗ ತಂದದ್ದು. ಅವರು ತೀರಿಕೊಂಡ ಮೇಲೆ ಬಹಳ ದಿನ ಅದು ಪೆಟ್ಟಿಗೆಯಲ್ಲೇ ಇತ್ತು. ಬೆಂಗಳೂರಿನಲ್ಲಿರುವ ಮಗ ಅದನ್ನು ಒಯ್ದು, ಹೊಸ ವ್ಯವಸ್ಥೆ ಕೂಡಿಸಿ ತಂದಿದ್ದಾನೆ. ನಾನು ವಿಮರ್ಶೆ ಮಾಡಹೊರಟಿರುವುದು ಈ ಕೆಲಸವನ್ನೇ.

ಮೊದಲು ವ್ಯತ್ಯಾಸ ತಿಳಿಯೋಣ. ಹಳೆಯ ಪದ್ಧತಿಯಲ್ಲಿ ಗುಂಡಿ ತಿರುವಿದಷ್ಟೂ ಹಳಿಯಲ್ಲಿ ವೋಲ್ಟೇಜ್ ಏರಿ ಎಂಜಿನ್ ಓಡುತ್ತದೆ. ಗುಂಡಿ ಸೊನ್ನೆಗೆ ಬಂದರೆ ಎಂಜಿನ್ ನಿಂತು, ಅದರೊಂದಿಗೆ ದೀಪವೂ ಆರುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಓಡುತ್ತವೆ. ಹೊಸ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಸುಮಾರು 15 ವೋಲ್ಟ್ ಇರುತ್ತದೆ; ಆಜ್ಞೆಗಳು ಅದರಲ್ಲೇ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಚಿಕ್ಕ ಬಿಲ್ಲೆ ಕುಳಿತು, ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆಂಜ್ ಕಂಪನಿಯ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಇದಕ್ಕೆ ಸಾಮಾನ್ಯ ನಿಯಮ ಮಾಡಿತು. ಹೊಸ ಡಿಕೋಡರಿಗೆ ಸಾಮಾನ್ಯವಾಗಿ ಇರುವ ನಂಬರು 3. ಅದನ್ನು ಬದಲಿಸದಿದ್ದರೆ, ತರಗತಿಯಲ್ಲಿ ಇಬ್ಬರು ಸಾವಿತ್ರಿಯರಿದ್ದಾಗ ಹಾಜರಿ ಕೂಗಿದಂತೆ ಆಗುತ್ತದೆ: ಇಬ್ಬರೂ ಎದ್ದು ನಿಲ್ಲುತ್ತಾರೆ!

ಇದರ ದೊಡ್ಡ ಗುಣವೆಂದರೆ, ರೈಲು ನಿಂತರೂ ದೀಪ ಉರಿಯುತ್ತದೆ. ನಿಲ್ದಾಣದಲ್ಲಿ ಬೆಳಕು ತುಂಬಿ ನಿಂತ ಗಾಡಿಗಿಂತ ಚೆಂದದ ನೋಟ ಯಾವುದಿದೆ? ಇಳಿಯುವವರು, ಹತ್ತುವವರು, ಕಿಟಕಿಯಿಂದ ಕೈ ಚಾಚಿ ಚಹಾ ಕೊಳ್ಳುವವರು, ಎಲ್ಲರ ಕತೆಯೂ ನಡೆಯುವುದು ಗಾಡಿ ನಿಂತಾಗಲೇ. ಇಷ್ಟರ ಮಟ್ಟಿಗೆ ಇದು ನಿಜವಾದ ಕಲಾಯಿ.

ಆದರೆ ದೀಪ ಹಚ್ಚುವವರಿಗೆ ದೀಪದ ಕತೆಯೂ ಗೊತ್ತಿರಬೇಕು. ಹಿಂದಿನ ಡಬ್ಬಿಗಳ ಅಡಿಯಲ್ಲಿ ಡೈನಮೊ ಇರುತ್ತಿತ್ತು. ಚಕ್ರದ ಅಚ್ಚಿಗೆ ಬೆಲ್ಟು ಹಾಕಿ ಅದನ್ನು ತಿರುಗಿಸುತ್ತಿದ್ದರು. ಗಾಡಿ ನಿಂತಾಗ ಬ್ಯಾಟರಿಯೇ ಗತಿ. ಬ್ಯಾಟರಿ ಸೋತಿದ್ದರೆ ಹಳದಿ ಬಲ್ಬು ಕೆಂಪಗಾಗಿ, ಎದುರಿಗೆ ಕೂತವರ ಮುಖ ಕಾಣದಾಗುತ್ತಿತ್ತು. ಹಾಗಾಗಿ ಹಳೆಯ ಆಟಿಕೆಯ ಮಂಕಾಗುವ ದೀಪ ನಮ್ಮ ಪ್ಯಾಸೆಂಜರ್ ಗಾಡಿಗೆ ಪೂರಾ ಸುಳ್ಳೇನೂ ಆಗಿರಲಿಲ್ಲ. ಈಗ ಹಬೆ ಎಂಜಿನ್ನಿನ ಗಾಡಿಗೂ ನೀಲಿ ಛಾಯೆಯ ಬಿಳಿ ಎಲ್‌ಇಡಿ ಹಾಕುತ್ತಾರೆ. ಡಬ್ಬಿ ಡಬ್ಬಿಯೂ ಔಷಧದ ಅಂಗಡಿಯಂತೆ ಕಾಣುತ್ತದೆ. ಹಳದಿ ಛಾಯೆಯ ಎಲ್‌ಇಡಿಯೂ ಸಿಗುತ್ತದೆ, ಅದರ ಬೆಳಕನ್ನು ತಗ್ಗಿಸಲೂ ಬರುತ್ತದೆ. ಇಲ್ಲಿ ಕಡಿಮೆಯಾದದ್ದು ವಿವೇಚನೆ.

ಇನ್ನೊಂದು ಕೊರತೆ ನನಗೆ ಹೆಚ್ಚು ಕಾಣುತ್ತದೆ. ಎಲ್ಲರೂ ಮೊದಲು ಹಚ್ಚುವುದು ಎಂಜಿನ್ನಿನ ಹಣೆಯ ದೀಪವನ್ನು. ಹಿಂದಿನ ಕೆಂಪು ದೀಪವನ್ನು ಮರೆಯುತ್ತಾರೆ. ನಿಜವಾದ ಗಾಡಿಯ ಕೊನೆಯ ಡಬ್ಬಿಗೆ ಹಗಲು ‘ಎಲ್‌ವಿ’ ಎಂಬ ಫಲಕ, ರಾತ್ರಿ ಕೆಂಪು ದೀಪ ಇರುತ್ತದೆ. ನಿಲ್ದಾಣದವರು ಅದನ್ನು ನೋಡಿಯೇ ಗಾಡಿ ಇಡಿಯಾಗಿ ಬಂತು, ಯಾವ ಡಬ್ಬಿಯೂ ಕಳಚಿ ಹಿಂದೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಮನೆಮಂದಿಯೆಲ್ಲ ಉಂಡರೇ ಎಂದು ನೋಡಿ ಕೊನೆಗೆ ಅಡಿಗೆಮನೆಯ ದೀಪ ಆರಿಸುವವಳಿಗೆ ಈ ಕೆಂಪು ದೀಪದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕೈಕೆಲಸದ ಬಗ್ಗೆಯೂ ಎರಡು ಮಾತು. ಹಳೆಯ ಅನೇಕ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ತುದಿ ಲೋಹದ ಅಡಿಗಟ್ಟಿಗೇ ತಾಗಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಜೋಡಿಸಿದರೆ ಡಿಕೋಡರ್ ಸುಡುತ್ತದೆ. ಹಳೆಯ ಮೋಟಾರು ಹೆಚ್ಚು ಕರೆಂಟು ಎಳೆಯುವುದರಿಂದ ಅದನ್ನು ಅಳೆದು ನೋಡಿಯೇ ಡಿಕೋಡರ್ ಆರಿಸಬೇಕು. ಈ ಹುಡುಗ ಅದೆಲ್ಲ ಸರಿಯಾಗಿ ಮಾಡಿದ್ದಾನೆ. ಎಂಜಿನ್ನಿನ ಮೈಗೆ ಹೊಸ ತೂತು ಕೊರೆದಿಲ್ಲ. ತೆಗೆದ ಬಲ್ಬು, ತಂತಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಜೋಪಾನ ಮಾಡಿದ್ದಾನೆ. ನಾಳೆ ಯಾರಿಗಾದರೂ ಮೊದಲಿನಂತೆಯೇ ಬೇಕೆನಿಸಿದರೆ ದಾರಿ ಉಳಿದಿದೆ. ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಅಂಕ ಕಡಿಯುವುದು ಬೇರೆ ಕಡೆ. ಯಜಮಾನರು ಹೋದ ಮೇಲೂ ದೀಪಾವಳಿಗೊಮ್ಮೆ ಗೆಳತಿ ಆ ರೈಲು ಓಡಿಸುತ್ತಿದ್ದರು. ಒಂದೇ ಗುಂಡಿ, ಅವರ ಬೆರಳಿಗೆ ರೂಢಿಯಾಗಿತ್ತು. ಈಗ ಓಡಿಸುವುದೆಲ್ಲ ಮಗನ ಮೊಬೈಲಿನಿಂದ. ಅವರು ನಕ್ಕು ಹೇಳಿದ್ದು ಇಷ್ಟೇ: “ದೀಪಾ ಛಲೋ ಹತ್ತತಾವ್ರಿ ಅಕ್ಕೋರ. ಆದ್ರ ಬಂಡಿ ಬಿಡಾಕ ಅವ ಊರಿಗೆ ಬರಬೇಕು ನೋಡ್ರಿ.” ಆ ನಗೆಯಲ್ಲಿ ದೂರಿರಲಿಲ್ಲ. ನನಗೆ ಮಾತ್ರ ಕೌದಿಯ ಕತ್ತರಿ ಕಂಡಿತು.

ಇದಕ್ಕೆ ತಂತ್ರಜ್ಞಾನವನ್ನು ದೂರುವುದು ನ್ಯಾಯವಲ್ಲ. ತಿರುವುವ ಗುಂಡಿಯೇ ಇರುವ ಕೈಯಂತ್ರಗಳು ಈ ಪದ್ಧತಿಯಲ್ಲೂ ಇವೆ. ಅದೊಂದನ್ನು ಕೊಂಡು, ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ತಾಯಿಗೆ ಕಲಿಸಿದರೆ ಕೆಲಸ ಮುಗಿಯಿತು. ಸೊಸೆಗೂ ಮೊಮ್ಮಗಳಿಗೂ ಅದೇ ಪಾಠ ಆಗಲಿ. ತಂತಿ, ಬೆಸುಗೆ ಎಂದರೆ ಗಂಡುಮಕ್ಕಳ ಕೆಲಸವೆಂದು ನಾವೇ ದೂರ ಸರಿದು ನಿಂತಿದ್ದು ಸಾಕು.

ಹಳೆಯ ರೈಲಿಗೆ ಹೊಸ ಜೀವ ತುಂಬುವವರು ಮೂರು ಮಾತು ಕೇಳಿಕೊಳ್ಳಲಿ. ದೀಪ ಆ ಕಾಲದ ದೀಪದಂತಿದೆಯೇ? ಮೊದಲಿದ್ದದ್ದು ಮರಳಿ ಬರುವ ದಾರಿ ಉಳಿದಿದೆಯೇ? ಅದನ್ನು ಇಷ್ಟು ದಿನ ಕಾಪಾಡಿದವರ ಕೈಗೆ ಅದು ಇನ್ನೂ ದಕ್ಕುತ್ತದೆಯೇ? ಮೂರನೆಯದಕ್ಕೆ ಉತ್ತರ ಇಲ್ಲ ಎಂದಾದರೆ, ಎಷ್ಟು ದೀಪ ಹೊತ್ತಿದರೂ ಒಂದು ಡಬ್ಬಿ ಹಿಂದೆಯೇ ಉಳಿದಿದೆ ಎಂದು ಅರ್ಥ.