ಬಾಣಂತನ ಮುಗಿದ ಮೇಲಿನ ತಾಯಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹೆಣ್ಣಿನ ಬದುಕಿನಲ್ಲಿ ಚೊಚ್ಚಲ ಬಾಣಂತನಕ್ಕಿರುವಷ್ಟು ಮರ್ಯಾದೆ ಬೇರೆ ಯಾವ ಕಾಲಕ್ಕೂ ಇಲ್ಲ. ಕುಬಸ ಮಾಡಿಸಿಕೊಂಡು ತವರಿಗೆ ಬಂದವಳನ್ನು ಹಡೆದ ಮೇಲೆ ಹೊರಸಿನಿಂದ ಇಳಿಯಲು ಬಿಡುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕುವವರು ಒಬ್ಬರು, ಹಂಡೆಗಟ್ಟಲೆ ಬಿಸಿನೀರು ಹಾಕುವವರು ಒಬ್ಬರು, ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಡುವವರು ಒಬ್ಬರು, ಕೂಸಿಗೆ ಗುಟ್ಟಿ ತೇಯುವವರು ಇನ್ನೊಬ್ಬರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಮಗಳ ಮುಂದೆ ಅವ್ವ ತಾಟು ತಂದಿಡುತ್ತಾಳೆ.

ಇದನ್ನೆಲ್ಲ ಹಳೆಯ ಕಾಲದ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ವರ್ಷವಿಡೀ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಾದ ಮೇಲೆ ಉಣ್ಣುವವಳಿಗೆ ಮೊದಲ ತಾಟು ಬರುವುದು ಆಗ ಮಾತ್ರ. ಹೆಣ್ಣಿನ ಮೈ ದಣಿಯುತ್ತದೆ, ಅದಕ್ಕೆ ಬಿಡುವು ಬೇಕು, ಆ ಬಿಡುವನ್ನು ಮನೆಯವರು ದುಡಿದು ಕೊಡಬೇಕು ಎಂಬುದನ್ನು ನಮ್ಮ ಸಮಾಜ ಒಪ್ಪಿಕೊಂಡ ಅಪರೂಪದ ಜಾಗ ಇದು. ಊಟದ ವಿಚಾರದಲ್ಲೂ ತಿಳಿವಳಿಕೆ ಇದೆ. ಗೋಕಾಕದ ಹೆಸರನ್ನು ಊರೂರಿಗೆ ಒಯ್ದ ಕರದಂಟಿನಲ್ಲಿರುವ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಎಲ್ಲವೂ ಬಾಣಂತಿಯ ಅಂಟಿನುಂಡಿಯ ಸಾಮಾನೇ. ಅಳವಿ ಪಾಯಸ, ಸಬ್ಬಸಗಿ ಪಲ್ಯ ಬಾಯಿರುಚಿಗೆ ಮಾತ್ರ ಬಂದವಲ್ಲ. ಅಳವಿಯಲ್ಲಿ ಕಬ್ಬಿಣದಂಶ ಚೆನ್ನಾಗಿಯೇ ಇದೆ.

ಆದರೆ ಅದೇ ಕೋಣೆಯಲ್ಲಿ ಅಪಾಯವೂ ಇದೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ತೊಪ್ಪಲು ತಿಂದು ಬೆಳೆದ ಹುಡುಗಿಗೆ ಹಡೆದ ಕೂಡಲೇ ರೊಟ್ಟಿ ಜಡ, ಕಾಳು ವಾಯು, ಹಣ್ಣು ಥಂಡಿ ಎನ್ನುತ್ತ ಒಂದೊಂದನ್ನೇ ತಾಟಿನಿಂದ ತೆಗೆಯುತ್ತಾರೆ. ಹಲವು ಮನೆಗಳಲ್ಲಿ ಕೊನೆಗೆ ಉಳಿಯುವುದು ಬಿಳಿ ಅನ್ನ, ತುಪ್ಪ, ಬಾಣಂತಿ ಖಾರ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ತೀರಾ ಕಡಿಮೆ. ತಾಯಿಯ ಮೈಯಲ್ಲಿ ಅದು ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ. ಆವರೆಗೆ ಗುಂಡಗೆ ಇದ್ದ ಎರಡು ಮೂರು ತಿಂಗಳ ಕೂಸು ಒಮ್ಮೆಲೇ ಹಾಲು ಬಿಡುತ್ತದೆ, ನರಳುತ್ತದೆ, ಉಸಿರು ಮೇಲೇರುತ್ತದೆ. ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿ ಹೃದಯದ ಬಲಭಾಗ ಸೋಲುತ್ತದೆ. ಕರ್ನಾಟಕದ ಮಕ್ಕಳ ವೈದ್ಯರು ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಥಯಾಮಿನ್ ಚುಚ್ಚುಮದ್ದು ಬಿದ್ದರೆ ಕೂಸು ಬೇಗನೆ ಚೇತರಿಸಿಕೊಳ್ಳುತ್ತದೆ, ತಡವಾದರೆ ಕೈತಪ್ಪುತ್ತದೆ. ಅವ್ವ ಪ್ರೀತಿಯಿಂದ ಹಿಡಿಸಿದ ಪಥ್ಯವೇ ಮೊಮ್ಮಗುವಿನ ಜೀವಕ್ಕೆ ಬರುತ್ತದೆಂಬುದನ್ನು ಒಪ್ಪುವುದು ಕಷ್ಟ, ಆದರೂ ಹೇಳಲೇಬೇಕು. ಬಾಣಂತಿಯ ತಾಟಿಗೆ ರೊಟ್ಟಿ, ಬೇಳೆ, ಕಾಳು, ತೊಪ್ಪಲು ಮರಳಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ನಿಲ್ಲಬೇಕು. ಬಾಯಾರಿದವಳಿಗೆ ನಂಜಾಗುತ್ತದೆಂದು ಹೆದರಿಸದೆ ನೀರು ಕೊಡಬೇಕು.

ಪಥ್ಯವನ್ನಾದರೂ ತಿದ್ದಬಹುದು, ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ತಿದ್ದುತ್ತಲೂ ಇದ್ದಾರೆ. ಈ ಪದ್ಧತಿಯ ದೊಡ್ಡ ದೋಷ ಅದು ಮುಗಿಯುವ ಹೊತ್ತಿನಲ್ಲಿದೆ, ಅದರ ಕಡೆಗೆ ನೋಡಿದವರು ಕಡಿಮೆ.

ಮೂರು ಇಲ್ಲವೇ ಐದು ತಿಂಗಳಿಗೆ ತೊಟ್ಟಿಲು, ಬಟ್ಟೆಬರೆ, ಡಬ್ಬಿ ತುಂಬ ಉಂಡಿ ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಬಾಣಂತನ ಮುಗಿಯಿತು. ಕೂಸಿನ ಲೆಕ್ಕದಲ್ಲಿ ನೋಡಿದರೆ ಕಠಿಣ ಕಾಲ ಶುರುವಾಗುವುದೇ ಆಗ. ಆರು ತಿಂಗಳವರೆಗೆ ತಾಯಿಹಾಲು ಸಾಕು, ಆಮೇಲೆ ಅದೊಂದೇ ಸಾಲದು. ಹುಟ್ಟುವಾಗ ತಂದುಕೊಂಡ ಕಬ್ಬಿಣದಂಶವೂ ಅಷ್ಟೊತ್ತಿಗೆ ತೀರುತ್ತ ಬಂದಿರುತ್ತದೆ. ಮೆತ್ತಗೆ ಹಿಚುಕಿದ ಅನ್ನ, ಬೇಳೆ, ತತ್ತಿ, ಕಾಯಿಪಲ್ಯೆಯನ್ನು ಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ ಉಣಿಸಬೇಕು. ಕೂಸು ಉಗುಳುತ್ತದೆ, ಮುಖ ತಿರುವುತ್ತದೆ; ಮತ್ತೆ ಉಣಿಸಬೇಕು. ಇದನ್ನು ಕಲಿಸಬೇಕಾದ ಅವ್ವ ಆಗ ಬೇರೆ ಊರಲ್ಲಿರುತ್ತಾಳೆ. ಲಸಿಕೆಯ ಪಟ್ಟಿಯಲ್ಲೂ 14ನೇ ವಾರದ ಸೂಜಿಗೂ ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಸೂಜಿಗೂ ನಡುವಿನ ಖಾಲಿಯಲ್ಲೇ ತಾಯಿ ಊರು ಬದಲಿಸುತ್ತಾಳೆ. ಸಂಕೇಶ್ವರದ ಕಡೆಯ ಸೊಸೆಯ ತವರು ಗಡಿಯಾಚೆ ಗಡಹಿಂಗ್ಲಜದಲ್ಲಿದ್ದರೆ ರಾಜ್ಯವೂ ಬದಲಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಐದು ವರ್ಷದೊಳಗಿನವರಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಇದಕ್ಕೆ ಬಡತನ, ತಾಯಿಯದೇ ರಕ್ತಹೀನತೆ, ನೀರು ಎಲ್ಲವೂ ಕಾರಣ. ಆದರೆ ಉಣಿಸುವವಳಿಗೆ ಕೂತು ಉಣಿಸುವಷ್ಟು ಹೊತ್ತು ಸಿಗದಿರುವುದೂ ಕಾರಣ, ಮತ್ತು ಅದು ಯಾವ ಸಮೀಕ್ಷೆಯ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ.

ಆ ಹೊತ್ತು ಎಲ್ಲಿ ಹೋಗುತ್ತದೆ ನೋಡಿ. ನಸುಕಿನಲ್ಲಿ ರೊಟ್ಟಿ ಬಡಿಯಲು ಕೂತರೆ ಕೂಸು ಎದ್ದಿರುತ್ತದೆ. ಎತ್ತಿಕೊಂಡರೆ ಒಲೆ ಕೆಡುತ್ತದೆ, ಬಿಟ್ಟರೆ ಅತ್ತು ಮನೆ ಎಬ್ಬಿಸುತ್ತದೆ. ಎಮ್ಮೆ ಹಿಂಡಬೇಕು, ಡೇರಿಗೆ ಹಾಲು ಹೋಗಬೇಕು, ನಳದ ನೀರು ಬಿಟ್ಟಾಗ ಹಿಡಿಯಬೇಕು, ಹೊಲಕ್ಕೆ ಬುತ್ತಿ ಕಟ್ಟಬೇಕು. ಅಂಬೆಗಾಲಿಡುವ ಮಗು ಒಲೆಯ ಕಡೆ, ನೀರಿನ ತೊಟ್ಟಿಯ ಕಡೆ, ದನದ ಕಾಲಿನ ಕಡೆ ಹೋಗುತ್ತಲೇ ಇರುತ್ತದೆ. ಅದರ ಮೇಲಿನ ಕಣ್ಣು ತೆಗೆಯುವ ಹಾಗಿಲ್ಲ. ಒಂದು ಕೂಸಿಗೆ ಸಮಾಧಾನವಾಗಿ ಉಣಿಸಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕೂತ ಸೊಸೆ ಮನೆಯವರ ಕಣ್ಣಿಗೆ ಸುಮ್ಮನೆ ಕೂತವಳಂತೆ ಕಾಣುತ್ತಾಳೆ. ಹೀಗಾಗಿ ಬಿಸ್ಕೀಟನ್ನು ಹಾಲಿನಲ್ಲಿ ಅದ್ದಿ ತಿನ್ನಿಸಿ ಮುಗಿಸುತ್ತಾಳೆ, ಮೊಬೈಲಿನಲ್ಲಿ ಹಾಡು ಹಚ್ಚಿ ಕೈಗೆ ಕೊಡುತ್ತಾಳೆ. ಅದನ್ನು ಸೋಮಾರಿತನ ಎನ್ನುವವರು ಒಂದು ದಿನ ಅವಳ ಜಾಗದಲ್ಲಿ ನಿಂತು ನೋಡಬೇಕು. ರಾತ್ರಿ ಎರಡು ಮೂರು ಸಲ ಎದ್ದವಳಿಗೂ ಬೆಳಗಿನ ಕೆಲಸದಲ್ಲಿ ರಿಯಾಯಿತಿ ಇಲ್ಲ.

“ನಾವೇನ ಮಕ್ಕಳ ಹಡದಿಲ್ಲೇನ? ನಮಗ್ಯಾರ ಮಾಡಿದ್ರ?” ಎಂದು ಅತ್ತೆ ಕೇಳಿದರೆ ಅದರಲ್ಲಿ ಸಿಟ್ಟಿಗಿಂತ ಹಳೆಯ ದಣಿವೇ ಹೆಚ್ಚು. ಅವಳ ಮಾತು ಪೂರ್ತಿ ನಿಜವಲ್ಲ. ಅವಳ ಕಾಲಕ್ಕೆ ಮನೆಯಲ್ಲಿ ನೆಗೆಣ್ಣಿ, ನಾದಿನಿ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಎಂಟು ಹತ್ತು ವರ್ಷದ ಹಿರಿಮಗಳು ಇದ್ದಳು, ಟೊಂಕದ ಮೇಲೆ ತಮ್ಮನನ್ನು ಹೊತ್ತು ತಿರುಗುತ್ತಿದ್ದಳು. ನಾವು ನೆನೆಸಿಕೊಂಡು ಹೊಗಳುವ ತುಂಬಿದ ಮನೆಯ ಮಕ್ಕಳ ಆರೈಕೆ ಬಹಳಷ್ಟು ನಿಂತದ್ದು ಆ ಹುಡುಗಿಯ ಬಿಟ್ಟುಹೋದ ಶಾಲೆಯ ಮೇಲೆ. ಈಗ ಅವಳು ಶಾಲೆಯಲ್ಲಿದ್ದಾಳೆ, ಇರಲೇಬೇಕು. ಅವಳ ಜಾಗಕ್ಕೆ ಬರಬೇಕಾಗಿದ್ದವನು ಕೂಸಿನ ಅಪ್ಪ. ಹಿರಿಯರ ಎದುರಿಗೆ ತನ್ನ ಕೂಸನ್ನು ಎತ್ತಿಕೊಳ್ಳಲು ನಾಚುವುದು ನಮ್ಮ ಕಡೆ ಬಹಳ ಕಾಲ ಸಭ್ಯತೆಯೆಂದೇ ನಡೆಯಿತು. ಆ ನಾಚಿಕೆ ಈಗ ಕಡಿಮೆಯಾಗಿದೆ. ಆಡಿಸಲು ಎತ್ತಿಕೊಳ್ಳುವ ಗಂಡಸರು ಊರ ತುಂಬ ಕಾಣುತ್ತಾರೆ. ಕುಂಡಿ ತೊಳೆಯಲು, ಉಣಿಸಲು, ರಾತ್ರಿ ಏಳಲು ಕೈ ಇನ್ನೂ ಬಂದಿಲ್ಲ.

ಮನಸ್ಸಿನ ಸಂಗತಿ ಇನ್ನೂ ಕತ್ತಲಲ್ಲಿದೆ. ಹೆರಿಗೆಯಾದ ಕೆಲ ದಿನಗಳಲ್ಲಿ ಏರುವ ತೀವ್ರ ಕಾಯಿಲೆಗೆ ಬಾಣಂತಿ ಸನ್ನಿ ಎಂದು ಹೆಸರಾದರೂ ಇದೆ. ತಿಂಗಳುಗಟ್ಟಲೆ ನಿದ್ದೆ ಕಳೆದುಕೊಂಡು, ಕಾರಣವಿಲ್ಲದೆ ಅಳು ಬಂದು, ಕೂಸಿನ ಮೇಲೇ ಅಕ್ಕರೆ ಹುಟ್ಟದೆ ಒಳಗೊಳಗೇ ಕುಸಿಯುವವಳಿಗೆ ಹೆಸರೂ ಇಲ್ಲ, ಸೊಕ್ಕು ಎನ್ನುವುದೊಂದೇ ಇದೆ. ತಾಯಿ ಮತ್ತು ಕೂಸನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವನ್ನು ನಿಮ್ಹಾನ್ಸ್ 2009ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಗೋಕಾಕದಿಂದ ಅದು 500 ಕಿಲೋಮೀಟರಿಗಿಂತ ದೂರ.

ಸರ್ಕಾರದ ಕಡೆ ತಿರುಗಿದರೂ ಕಾಣುವುದು ಅದೇ ಗಡುವು. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ಶುರುವಾದದ್ದು 1887ರಲ್ಲಿ. ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಕಾರ್ಖಾನೆಯ ಹೆಂಗಸರಿಗೆಂದು ಹೆರಿಗೆ ಭತ್ಯೆಯ ಕಾನೂನು ಬಂದದ್ದು 1929ರಲ್ಲಿ. 2017ರ ತಿದ್ದುಪಡಿ ಸಂಬಳದ ರಜೆಯನ್ನು 26 ವಾರಕ್ಕೆ ಏರಿಸಿತು, 50 ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಕಬ್ಬಿನ ಹೊಲದಲ್ಲಿ ಕಸ ತೆಗೆಯುವವಳನ್ನು ಇದಾವುದೂ ಮುಟ್ಟುವುದಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು ಕರ್ನಾಟಕ ಮಾತೃಪೂರ್ಣ ಯೋಜನೆ ತಂದಿತು: ಗರ್ಭಿಣಿಗೂ ಹಡೆದು ಆರು ತಿಂಗಳವರೆಗಿನ ತಾಯಿಗೂ ಅಂಗನವಾಡಿಯಲ್ಲೇ ಬಿಸಿಯೂಟ, ತಿಂಗಳಿಗೆ 25 ದಿನ. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ಗಂಗಾಳಕ್ಕೆ ಹಂಚಿಹೋಗಿ ತಾಯಿಗೆ ಕಡಿಮೆ ಬೀಳುತ್ತದೆ ಎಂಬ ತಿಳಿವು ಅದರ ಹಿಂದಿತ್ತು, ಅದು ಸರಿಯಾದ ತಿಳಿವು. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಬಾರದೆನ್ನುವ ಊರಿನಲ್ಲಿ ಊಟಕ್ಕೆ ನಡೆದು ಬಾ ಎಂದರೆ ಯಾರು ಬರುತ್ತಾರೆ? ತೋಟದ ಮನೆಗಳಲ್ಲಿರುವವರಿಗೆ ದೂರವೂ ಅಡ್ಡಿ. ಹೀಗೆ ಪದ್ಧತಿ ಐದು ತಿಂಗಳಿಗೆ, ಕಾನೂನು 26 ವಾರಕ್ಕೆ, ಯೋಜನೆ ಆರು ತಿಂಗಳಿಗೆ ಕೈ ತೊಳೆದುಕೊಳ್ಳುತ್ತವೆ. ಅಂಗನವಾಡಿ ಮಗುವನ್ನು ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ತಾಯಿಯೊಬ್ಬಳ ಪಾಲು.

ಆ ಖಾಲಿ ಜಾಗಕ್ಕೆ ಸರಿಯಾಗಿ ಕೈಯಿಟ್ಟದ್ದು ‘ಕೂಸಿನ ಮನೆ’. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆಂದು ಘೋಷಿಸಿದ, ನರೇಗಾ ಕೂಲಿಗೆ ಹೋಗುವವರ ಮತ್ತು ಹಳ್ಳಿಯ ಇತರ ಮನೆಗಳ ಮೂರು ವರ್ಷದೊಳಗಿನ ಮಕ್ಕಳ ಪಾಲನಾ ಕೇಂದ್ರ ಇದು. ಕೆಲಸದ ಜಾಗದಲ್ಲಿ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು 2005ರ ನರೇಗಾ ಕಾಯ್ದೆಯೇ ಹೇಳಿತ್ತು. ಕಾಗದದ ಆ ಸಾಲಿಗೆ ಗೋಡೆ, ಬಾಗಿಲು ಸಿಗಲು ಇಷ್ಟು ವರ್ಷ ಬೇಕಾದವು. ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ, ಮೆಚ್ಚಿಯೇ ಎರಡು ಆಕ್ಷೇಪ ಎತ್ತುತ್ತೇನೆ. ಜಾಬ್ ಕಾರ್ಡ್ ಇರುವ ಹೆಂಗಸರಿಗೇ ತರಬೇತಿ ಕೊಟ್ಟು ಸರದಿಯ ಮೇಲೆ ಆರೈಕೆಗೆ ನಿಲ್ಲಿಸುವುದು ಕೂಲಿಯ ದಿನಗಳ ಲೆಕ್ಕಕ್ಕೆ ಸರಿ. ಒಂದು ವರ್ಷದ ಕೂಸು ಹಾಗಲ್ಲ, ಅದು ಒಬ್ಬಳ ಮುಖ, ಒಬ್ಬಳ ದನಿ ಹಿಡಿದುಕೊಳ್ಳುತ್ತದೆ. ಹೊಂದಿಕೊಂಡ ಹೊತ್ತಿಗೆ ಅವಳು ಬದಲಾದರೆ ತಾಯಿಗೂ ಬಿಟ್ಟು ಹೋಗುವ ಧೈರ್ಯ ಬರುವುದಿಲ್ಲ. ಆರೈಕೆದಾರಳಿಗೆ ಕಾಯಂ ಕೆಲಸ, ತಿಂಗಳ ಸಂಬಳ ಬೇಕು.

ಎರಡನೆಯದು ಹೊತ್ತಿನ ಮಾತು. ಮೂಡಲಗಿ, ಗೋಕಾಕ, ಹುಕ್ಕೇರಿಯ ನೀರಾವರಿ ಹೊಲಗಳಲ್ಲಿ ಹೆಂಗಸರ ಕೂಲಿ ಬಹುಪಾಲು ಕಬ್ಬಿನದು. ಕಾರ್ಖಾನೆಗಳು ಕಬ್ಬು ಅರೆಯುವ ಕಾಲದಲ್ಲಿ ಕಬ್ಬು ಕಡಿಯುವ ಹೊರಗಿನ ಗ್ಯಾಂಗುಗಳೂ ಬಂದು ಇಳಿಯುತ್ತವೆ. ಅವರ ಕೂಸುಗಳು ಬದುವಿನ ಮೇಲೆ, ಸೀರೆಯ ಜೋಳಿಗೆಯಲ್ಲಿ, ರವದಿಯ ರಾಶಿಯ ಪಕ್ಕ ಮಲಗಿರುತ್ತವೆ. ಆ ತಾಯಂದಿರಿಗೆ ಈ ಊರಿನ ಜಾಬ್ ಕಾರ್ಡ್ ಇಲ್ಲ, ಹೊಲಕ್ಕೆ ಹೋಗುವುದು ಹೊತ್ತು ಮೂಡುವ ಮುಂಚೆ. ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲಿನ ಕೂಸಿನ ಮನೆಗಳು ನಸುಕಿನಲ್ಲೇ ತೆರೆಯಬೇಕು, ಗ್ಯಾಂಗಿನವರ ಕೂಸುಗಳನ್ನು ಕಾರ್ಡು ಕೇಳದೆ ಒಳಗೆ ತೆಗೆದುಕೊಳ್ಳಬೇಕು; ಅದರ ಖರ್ಚಿನಲ್ಲಿ ಸಕ್ಕರೆ ಕಾರ್ಖಾನೆಗಳೂ ಪಾಲು ಕೊಡಬೇಕು.