ಡೇವಿಡ್ ಬೋವಿಯ ‘ಲೋ’ವನ್ನು ಆಲಿಸುವ ಬಗೆ

ರಾಕ್ ಸಂಗೀತವೆಂದರೆ ಗಿಟಾರಿನ ಅಬ್ಬರ, ಗಾಯಕನ ಕೂಗು, ಕುಣಿಸುವ ಪಲ್ಲವಿ ಎಂದಷ್ಟೇ ಬಲ್ಲವರು ಡೇವಿಡ್ ಬೋವಿಯ ‘ಲೋ’ ಎಂಬ ಧ್ವನಿಮುದ್ರಿಕೆಗೆ ಮೊದಲ ಸಲ ಕಿವಿಗೊಟ್ಟಾಗ, ಗಾಯಕನು ಈಗ ಬಂದಾನು, ಆಗ ಬಂದಾನು ಎಂದು ಕಾದಿರುವಂತೆಯೇ ವಾದ್ಯಗಳು ತಾವೇ ಮೊದಲ ಕೃತಿಯನ್ನು ಮುಗಿಸಿಬಿಡುವುದನ್ನೂ, ಅನಂತರದ ಹಾಡುಗಳು ಕುದುರಿಕೊಳ್ಳುವಷ್ಟರಲ್ಲಿ ಮರೆಯಾಗುವುದನ್ನೂ ಕಂಡು, ಇದು ಅಪೂರ್ಣವಾದ ಕರಡಿರಬೇಕೆಂದು ಶಂಕಿಸುವುದು ಸಹಜ. 1977ರ ಜನವರಿಯಲ್ಲಿ ಅದು ಹೊರಬಂದಾಗ ವಿಮರ್ಶಕರಲ್ಲಿಯೂ ಹಲವರು ಮುಖ ಸಿಂಡರಿಸಿದರು.

ಲಾಸ್ ಏಂಜಲೀಸಿನಲ್ಲಿ ಕೊಕೇನಿನ ವ್ಯಸನದಿಂದ ಜರ್ಜರಿತನಾಗಿದ್ದ ಬೋವಿ 1976ರಲ್ಲಿ ಯೂರೋಪಿಗೆ ಮರಳಿ, ಪ್ಯಾರಿಸಿನ ಸಮೀಪದ ಎರೂವೀಲಿನ ಹಳೆಯ ಮಹಲೊಂದರಲ್ಲಿದ್ದ ಸ್ಟುಡಿಯೋದಲ್ಲಿ ಇದರ ಬಹುಭಾಗವನ್ನು ಮುದ್ರಿಸಿ, ಪಶ್ಚಿಮ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಮುಗಿಸಿದನು. ಬ್ರಯನ್ ಈನೋ ಇದರ ನಿರ್ಮಾಪಕನೆಂದು ಹೇಳುವ ವಾಡಿಕೆಯುಂಟು, ಅದು ಸರಿಯಲ್ಲ. ಈನೋ ಸಹಕರ್ತೃ, ಬೋವಿಯೊಡನೆ ನಿರ್ಮಾಣದ ಹೊಣೆ ಹೊತ್ತವನು ಟೋನಿ ವಿಸ್ಕಾಂಟಿ.

ಹೊಸಬರು ಮಾಧುರ್ಯವನ್ನೂ ಸಾಹಿತ್ಯವನ್ನೂ ಬದಿಗಿರಿಸಿ ಮೊದಲು ಡ್ರಮ್ಮನ್ನು ಆಲಿಸತಕ್ಕದ್ದು. ಡೆನಿಸ್ ಡೇವಿಸನು ಸ್ನೇರ್ ಡ್ರಮ್ಮಿಗೆ ಕೊಟ್ಟ ಪೆಟ್ಟು ಎದ್ದಲ್ಲಿಯೇ ಅಡಗದೆ, ಯಾವುದೋ ಇಳಿಜಾರಿನಲ್ಲಿ ಜಾರಿದಂತೆ ಶ್ರುತಿ ತಗ್ಗುತ್ತ ತಗ್ಗುತ್ತ ಕರಗುತ್ತದೆ. ಹಾರ್ಮನೈಜರ್ ಎಂಬ ಆಗಿನ ಹೊಸ ಯಂತ್ರದಿಂದ ವಿಸ್ಕಾಂಟಿ ಸಾಧಿಸಿದ ಚಮತ್ಕಾರವಿದು. ಬದಲಾದ ಆ ನಾದವನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಲೇ ಡೇವಿಸನು ತನ್ನ ಪೆಟ್ಟಿನ ಬಿರುಸನ್ನು ಹೆಚ್ಚುಕಡಿಮೆ ಮಾಡಿದನಾದುದರಿಂದ, ಯಂತ್ರವೂ ಅವನ ಕೈಗೆ ವಾದ್ಯವೇ ಆಯಿತು. ಇದು ಕಿವಿಗೆ ಹಿಡಿಸಿದ ಮೇಲೆ ‘ಸೌಂಡ್ ಅಂಡ್ ವಿಷನ್’ ಕೇಳಬೇಕು. ಸರಿಸುಮಾರು ಅರ್ಧ ಹಾಡು ಕಳೆಯುವವರೆಗೂ ಬೋವಿ ಸಾಹಿತ್ಯವನ್ನೆತ್ತುವುದಿಲ್ಲ. ಹೀಗಿದ್ದೂ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು 3ನೆಯ ಸ್ಥಾನಕ್ಕೇರಿತು.

ಮೊದಲ ಪಾರ್ಶ್ವದ ಏಳು ಕೃತಿಗಳು ಮುಗಿದೊಡನೆ ತುಸು ವಿರಮಿಸಿರಿ. ತಟ್ಟೆಯನ್ನು ಮಗುಚಿಹಾಕಲು ಏಳಬೇಕಾಗಿದ್ದ ಕಾಲದಲ್ಲಿ ಈ ವಿರಾಮ ತಾನಾಗಿ ಒದಗುತ್ತಿತ್ತು. ಈಗ ನಾವೇ ಒದಗಿಸಿಕೊಳ್ಳಬೇಕು. ಏಕೆಂದರೆ ಮುಂದಿನ ನಾಲ್ಕು ಕೃತಿಗಳ ಲೋಕವೇ ಬೇರೆ. ಬೋವಿ ಊರಲ್ಲಿಲ್ಲದಿದ್ದಾಗ, ವಿಸ್ಕಾಂಟಿಯ ಪುಟ್ಟ ಮಗನು ಪಿಯಾನೋದ ಮೇಲೆ ಮತ್ತೆ ಮತ್ತೆ ಒತ್ತುತ್ತಿದ್ದ ಮೂರು ಸ್ವರಗಳನ್ನು ಎತ್ತಿಕೊಂಡು ಈನೋ ಆರಂಭಿಸಿದ ‘ವರ್ಶಾವಾ’ದಲ್ಲಿ, ನಾಲ್ಕು ನಿಮಿಷಗಳಷ್ಟು ವಾದ್ಯಗಳ ಮಂದಗತಿಯ ಶೋಕಯಾತ್ರೆಯಾದ ಬಳಿಕ, ಯಾವ ಭಾಷೆಗೂ ಸೇರದ ಕಲ್ಪಿತ ಶಬ್ದಗಳಲ್ಲಿ ಬೋವಿಯ ಕಂಠ ಏಳುತ್ತದೆ. ಟೇಪಿನ ವೇಗವನ್ನು ತಗ್ಗಿಸಿ ಹಾಡಿಸಿ, ಆಮೇಲೆ ಮೊದಲಿನ ವೇಗಕ್ಕೆ ತಂದುದರಿಂದ ಅದು ಬಾಲಕನ ಕಂಠವೆಂಬ ಭ್ರಾಂತಿಯಾಗುತ್ತದೆ. ರಾಗಾಲಾಪನೆಯ ತದರಿನಗಳಿಗೆ ಅರ್ಥ ಕೇಳದ ನಮ್ಮ ಶ್ರೋತೃಗಳಿಗೆ ಈ ಶಬ್ದಗಳು ತೊಡಕಾಗಬೇಕಿಲ್ಲ. ಬೋವಿಯೊಬ್ಬನೇ ಎಲ್ಲ ವಾದ್ಯಗಳನ್ನೂ ನುಡಿಸಿದ ‘ವೀಪಿಂಗ್ ವಾಲ್’ ಮಾತ್ರ ನನಗೆ ಕುಶಲಕರ್ಮದಂತೆ ತೋರುತ್ತದೆಯೇ ಹೊರತು ಹೃದಯಕ್ಕಿಳಿಯದು. ಆ ಕೊರತೆಯನ್ನು ‘ಸಬ್‌ಟರೇನಿಯನ್ಸ್’ನ ಸ್ಯಾಕ್ಸೊಫೋನ್ ತುಂಬಿಕೊಡುತ್ತದೆ.

ಸಂಗೀತ ಸಂಯೋಜಕ ಫಿಲಿಪ್ ಗ್ಲಾಸನು 1992ರಲ್ಲಿ ಈ ಧ್ವನಿಮುದ್ರಿಕೆಯ ವಸ್ತುವಿನಿಂದ ‘ಲೋ ಸಿಂಫನಿ’ಯನ್ನು ರಚಿಸಿದನು. ಅದನ್ನು ಮೊದಲು ಕೇಳಬೇಡಿರಿ. ವಾದ್ಯವೃಂದದ ಸೊಬಗು ಮೂಲದ ಒರಟುತನವನ್ನು ಮರೆಸಿಬಿಟ್ಟೀತು.