ನಲವತ್ತೈದು ದಿನಗಳ ಕಾಯ್ದೆ ಮತ್ತು ಪೀಣ್ಯದ ಬಾಕಿ ಬಿಲ್ಲುಗಳು

ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರನ್ನು ದುಡಿಸಿ ಹತ್ತಿ ಬೆಳೆಯುತ್ತಿದ್ದ ಪ್ಲಾಂಟರ್‌ಗಳು ನ್ಯೂ ಆರ್ಲಿಯನ್ಸ್‌ನಂಥ ಬಂದರುಗಳ ‘ಫ್ಯಾಕ್ಟರ್’ ಎಂಬ ದಲ್ಲಾಳಿ ವರ್ತಕರಿಂದ ಮುಂಗಡ ಪಡೆದು, ಬೆಳೆಯನ್ನು ಅವರ ಮೂಲಕವೇ ಮಾರಬೇಕಾದ ಕಟ್ಟಿಗೆ ಒಳಗಾಗುತ್ತಿದ್ದರು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಾಲದ ಹರಿವು ತಿರುವುಮುರುವಾಗಿದ್ದರೂ ಕಟ್ಟು ಮಾತ್ರ ಹಾಗೆಯೇ ಇದೆ. ಓವರ್‌ಡ್ರಾಫ್ಟಿಗೆ ಬಡ್ಡಿ ತೆರುತ್ತ, ಹಣ ಕೈಸೇರುವ ಮೊದಲೇ ಇನ್‌ವಾಯ್ಸ್‌ನ ಮೇಲೆ ಜಿಎಸ್‌ಟಿ ಕಟ್ಟಿ ತಿಂಗಳುಗಟ್ಟಲೆ ಕಾಯುವ ಜಾಬ್ ವರ್ಕ್ ಘಟಕಗಳು ತಮಗಿಂತ ಎಷ್ಟೋ ದೊಡ್ಡದಾದ ಕಂಪನಿಗಳ ದುಡಿಯುವ ಬಂಡವಾಳವನ್ನು ಬಡ್ಡಿಯಿಲ್ಲದೆ ಒದಗಿಸುತ್ತಿವೆ.

ಇದನ್ನು ಸರಿಪಡಿಸಲೆಂದು ಬಂದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಕಾಗದದ ಮೇಲೆ ಅತ್ಯಂತ ಕಟ್ಟುನಿಟ್ಟಾದದ್ದು. ಒಪ್ಪಂದ ಏನೇ ಹೇಳಲಿ, ಸರಕು ಸ್ವೀಕೃತವಾದ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ತೆರಬೇಕು. 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಸರಕು ತಲುಪಿದ ದಿನವೇ ಸ್ವೀಕೃತಿಯ ದಿನವೆಂದು ಕಾಯ್ದೆ ಭಾವಿಸುತ್ತದೆ. ವ್ಯಾಜ್ಯಕ್ಕಾಗಿ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ಇದ್ದು, ಅದರ ತೀರ್ಪನ್ನು ಪ್ರಶ್ನಿಸುವ ಕೊಳ್ಳುಗ ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲು ನ್ಯಾಯಾಲಯದಲ್ಲಿ ಠೇವಣಿ ಇಡಬೇಕು.

ಇಷ್ಟೆಲ್ಲ ಇದ್ದೂ ಈ ಕಾಯ್ದೆ ಸೋಲುವುದು ಅದರ ಮೊದಲ ಹೆಜ್ಜೆಯಲ್ಲೇ, ಏಕೆಂದರೆ ದೂರು ಕೊಡಬೇಕಾದವನು ಸರಬರಾಜುದಾರ. ವಹಿವಾಟಿನ ಬಹುಪಾಲು ಒಂದೆರಡು ಕಂಪನಿಗಳನ್ನೇ ನೆಚ್ಚಿಕೊಂಡ ಘಟಕಕ್ಕೆ ದೂರೆಂದರೆ ಮುಂದಿನ ಪರ್ಚೇಸ್ ಆರ್ಡರಿಗೆ ಎಳ್ಳುನೀರು ಬಿಟ್ಟಂತೆ; ಆದ್ದರಿಂದ ಸಂಬಂಧ ಪೂರ್ತಿ ಮುರಿದ ಮೇಲಷ್ಟೇ ಕೌನ್ಸಿಲ್ಲಿನ ಬಾಗಿಲು ತಟ್ಟುವ ಧೈರ್ಯ ಬರುತ್ತದೆ. ಬದುಕಿರುವ ವ್ಯಾಪಾರಕ್ಕೆ ಒದಗದ ಹಕ್ಕನ್ನು ರಕ್ಷಣೆ ಎಂದು ಕರೆಯಲಾಗದು.

ಈ ದೌರ್ಬಲ್ಯವನ್ನು ಗುರುತಿಸಿದ್ದು 2023ರ ಹಣಕಾಸು ಕಾಯ್ದೆಯ ಹೆಚ್ಚುಗಾರಿಕೆ. ಅಂದಿನ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಅದು ಸೇರಿಸಿದ ಉಪವಿಧಿಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ದೂರಿನ ಹಂಗಿಲ್ಲದೆ ಕೊಳ್ಳುಗನಿಗೇ ಬಿಸಿ ಮುಟ್ಟಿಸುವ ಈ ಕಲ್ಪನೆ ಮೆಚ್ಚತಕ್ಕದ್ದು. ಆದರೆ ಏಪ್ರಿಲ್‌ನ ಬಿಲ್ಲನ್ನು ಡಿಸೆಂಬರಿನಲ್ಲಿ ಪಾವತಿಸಿದರೂ ಲೆಕ್ಕದ ವರ್ಷ ಒಂದೇ ಆಗಿರುವುದರಿಂದ ಕೊಳ್ಳುಗನಿಗೆ ತೆರಿಗೆಯಲ್ಲಿ ನಷ್ಟವಿಲ್ಲ. ಒತ್ತಡ ಹುಟ್ಟುವುದು ಮಾರ್ಚ್ 31ರ ಆಸುಪಾಸಿನಲ್ಲಿ ಮಾತ್ರ. ಇನ್‌ವಾಯ್ಸನ್ನು ಹರಾಜಿಗಿಟ್ಟು ಬ್ಯಾಂಕುಗಳಿಂದ ಮುಂಚಿತವಾಗಿ ಹಣ ಪಡೆಯುವ ಟ್ರೆಡ್ಸ್ ವ್ಯವಸ್ಥೆಯೂ ಕೊಳ್ಳುಗ ಬಿಲ್ಲನ್ನು ಒಪ್ಪಿಕೊಳ್ಳದ ಹೊರತು ಚಲಿಸದು.

ದಾರಿ ಜಿಎಸ್‌ಟಿ ಕಾನೂನಿನಲ್ಲೇ ಇದೆ. ಇನ್‌ವಾಯ್ಸ್‌ನ 180 ದಿನಗಳೊಳಗೆ ಹಣ ಕೊಡದ ಕೊಳ್ಳುಗ, ಯಾರೂ ದೂರದಿದ್ದರೂ, ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಸಣ್ಣ ಘಟಕಗಳ ಬಿಲ್ಲುಗಳ ಮಟ್ಟಿಗೆ ಆ 180ನ್ನು 45ಕ್ಕೆ ಇಳಿಸಲು ಹೊಸ ಕೌನ್ಸಿಲ್ ಬೇಕಿಲ್ಲ, ಕಾನೂನಿನ ತಿದ್ದುಪಡಿಯೊಂದು ಸಾಕು.